ಡ್ರಾಪ್ ಆಫ್ ಅಂದರೆ ಬಿಟ್ಟು ಹೊರಡಿ ಅಂತ

ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ ಬ್ಯಾಂಕ್ ಖಾತೆ, ಜಿಪಿ (ಬಡಾವಣೆಯ ಡಾಕ್ಟರು) ನೋಂದಣಿ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅದನ್ನು ಅವರಿಗೇ ಬಿಡುತ್ತೇನೆ. ನಾನು ಹೇಳೋದು 'ಡ್ರಾಪ್ ಆಫ್' ವಿಷಯ.

ಬೆಂಗಳೂರಿನ ರೂಢಿಯಲ್ಲಿ 'ಗಿವ್ ಮಿ ಎ ಡ್ರಾಪ್' ಅಂದರೆ ಇಲ್ಲಿನವರು ಮಿಕಿಮಿಕಿ ನೋಡುತ್ತಾರೆ. 'ಲಿಫ್ಟ್' ಕೇಳಿ. 'ಡ್ರಾಪ್ ದೆಮ್ ಆಫ್' ಅನ್ನಿ, 'ಡ್ರಾಪ್ ಆಫ್ ದೆಮ್' ಬೇಡ. ಆಫೀಸಿನಲ್ಲಿ ಯಾರಾದರೂ 'ಐ ಡ್ರಾಪ್ಡ್ ಆಫ್' ಅಂದರೆ ಜೊಂಪು ಹತ್ತಿತ್ತು ಅಂತ. ಮಾರಾಟ 'ಡ್ರಾಪ್ಡ್ ಆಫ್' ಆದರೆ ಕುಸಿದಿದೆ ಅಂತ. ಇಷ್ಟು ವ್ಯಾಕರಣ ಸಾಕು.

ನಮಗೆ ಎಡವಟ್ಟಾಗೋದು ಆ 'ಆಫ್' ಹತ್ತಿರ. ನಮ್ಮ ಕಡೆ ಯಾರನ್ನಾದರೂ ಬಿಡಲು ಹೋದರೆ ರೈಲು ಕದಲುವವರೆಗೆ ಕಿಟಕಿ ಸರಳು ಹಿಡಿದು ಮಾತಾಡುತ್ತೇವೆ. ಇಲ್ಲಿ ಇಳಿಸಬೇಕು, ಹೊರಡಬೇಕು. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಟರ್ಮಿನಲ್ ಮುಂದೆ ಇಳಿಸುವುದಕ್ಕೇ 2021ರಿಂದ ದುಡ್ಡು. ಶುರುವಾದಾಗ 5 ಪೌಂಡ್, ಆಮೇಲೆ ಏರಿದೆ. ಗೇಟಿಲ್ಲ, ಬೂತಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ, ಮಾರನೇ ದಿನ ಮಧ್ಯರಾತ್ರಿಯೊಳಗೆ ಆನ್‌ಲೈನಿನಲ್ಲಿ ನೀವೇ ಕಟ್ಟಬೇಕು. ಅಪ್ಪ ಅಮ್ಮನನ್ನು ಕಳಿಸಿ ಅಳುತ್ತಾ ಮನೆಗೆ ಬಂದವರಿಗೆ ಇದೆಲ್ಲ ನೆನಪಿರುತ್ತದಾ? ದಂಡದ ಕಾಗದ ಮಾತ್ರ ಮರೆಯದೆ ಬರುತ್ತದೆ. ಅದಕ್ಕೇ ಲಾಂಗ್ ಸ್ಟೇ ಪಾರ್ಕಿಂಗಿಗೆ ಹೋಗಿ. ಅಲ್ಲಿ ಇಳಿಸಲು ದುಡ್ಡಿಲ್ಲ, ಟರ್ಮಿನಲ್ಲಿಗೆ ಬಸ್ ಇದೆ.

ಇನ್ನು ಮಕ್ಕಳ ಬರ್ತ್‌ಡೇ ಪಾರ್ಟಿ. ಆಮಂತ್ರಣದಲ್ಲಿ 'ಡ್ರಾಪ್ ಆಫ್' ಅಂತಿದ್ದರೆ ಮಗುವನ್ನು ಬಾಗಿಲಲ್ಲಿ ಬಿಟ್ಟು ಹೊರಡಿ, ಹೇಳಿದ ಹೊತ್ತಿಗೆ ಸರಿಯಾಗಿ ವಾಪಸ್ ಬನ್ನಿ. ನಾವೋ, ತಮ್ಮ, ತಂಗಿ, ಊರಿಂದ ಬಂದ ಅಜ್ಜಿ ಸಮೇತ ಒಳಗೆ ನುಗ್ಗುತ್ತೇವೆ. ಆ ತಾಯಿ ಹನ್ನೆರಡು ಮಕ್ಕಳಿಗೆ ಹನ್ನೆರಡೇ ಪಾರ್ಟಿ ಬ್ಯಾಗ್ (ನಮ್ಮ ರಿಟರ್ನ್ ಗಿಫ್ಟ್ ಥರ) ಕಟ್ಟಿರುತ್ತಾಳೆ. ಅಜ್ಜಿ ಗೋಡೆಗೊರಗಿ ನಿಂತು, 'ಒಂದು ಲೋಟ ನೀರೂ ಕೇಳಲಿಲ್ಲವಲ್ಲೋ' ಅಂತ ಮೆಲ್ಲಗೆ ಗೊಣಗುತ್ತಾಳೆ. ಇಬ್ಬರದೂ ತಪ್ಪಿಲ್ಲ.

ಮಕ್ಕಳು ಇದಕ್ಕೆ ಬೇಗ ಒಗ್ಗಿಕೊಳ್ಳುತ್ತಾರೆ. ಹೈಸ್ಕೂಲಿಗೆ ಬಂದ ಮೇಲೆ ಗೇಟಿಗಿಂತ ಒಂದು ರಸ್ತೆ ಹಿಂದೆಯೇ ಇಳಿಸು ಅಂತಾರೆ. ಬೇಜಾರಾಗುತ್ತದೆ, ಸುಮ್ನೆ ಇಳಿಸಿ.

ನಿಮ್ಮ ಮನೆ ಪಾರ್ಟಿಗೆ ಮಾತ್ರ ಉಲ್ಟಾ ಮಾಡಿ. ದೊಡ್ಡ ಪಾತ್ರೆ ತುಂಬಾ ಬಿಸಿಬೇಳೆಬಾತ್ ಮಾಡಿ ಕಾಯುತ್ತಿದ್ದರೂ ಇಲ್ಲಿನ ಅಪ್ಪ ಅಮ್ಮಂದಿರು ಮಗುವನ್ನು ಬಿಟ್ಟು ಕಾರು ತಿರುಗಿಸಿಬಿಡುತ್ತಾರೆ. ಆಮಂತ್ರಣದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಿರಿ: ಅಪ್ಪ ಅಮ್ಮನೂ ಇರಬೇಕು, ಊಟ ಇದೆ.