ಥಾಯ್ ಮಸಾಜಿಗೆ ಟಿಪ್ಸ್: ಎಷ್ಟು ಕೊಡಬೇಕು, ಯಾರ ಕೈಗೆ ಕೊಡಬೇಕು

ಬ್ಯಾಂಕಾಕಿನಲ್ಲಾಗಲಿ ಚಿಯಾಂಗ್ ಮಾಯ್‌ನಲ್ಲಾಗಲಿ, ಮಸಾಜ್ ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆ ನಾನು ನೋಟು ಮುರಿಸಿಕೊಳ್ಳುತ್ತೇನೆ. ಎಟಿಎಂನಿಂದ ಬರುವುದು ಹೆಚ್ಚಾಗಿ 1000, 500ರ ನೋಟುಗಳು. ಹತ್ತಿರದ ಸೆವೆನ್ ಇಲೆವೆನ್‌ನಲ್ಲಿ ಒಂದು ಬಾಟಲಿ ನೀರು ಕೊಂಡರೆ ಚಿಲ್ಲರೆ ಸಿಗುತ್ತದೆ. 100ರ ಕೆಂಪು ನೋಟು, 50ರ ನೀಲಿ ನೋಟು, 20ರ ಹಸಿರು ನೋಟು ಒಂದೆರಡು – ಇಷ್ಟನ್ನು ಪರ್ಸಿನಲ್ಲಿಡದೆ ಬ್ಯಾಗಿನ ಹೊರಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಮಸಾಜ್ ಮುಗಿದ ಮೇಲೆ ಕೈಯಲ್ಲಿ ಸಾವಿರದ ನೋಟು ಮಾತ್ರ ಇದ್ದರೆ ಟಿಪ್ಸ್ ಕೊಡುವ ಮನಸ್ಸಿದ್ದವರೂ ಕೊಡದೆ ಹೊರಡುತ್ತಾರೆ.

ಬೀದಿಯ ಸಾಧಾರಣ ಅಂಗಡಿಯಲ್ಲಿ ಒಂದು ಗಂಟೆಯ ಥಾಯ್ ಮಸಾಜಿಗೋ ಪಾದದ ಮಸಾಜಿಗೋ 250ರಿಂದ 400 ಬಾತ್ (ಥಾಯ್ಲೆಂಡಿನ ಹಣ) ಇರುತ್ತದೆ. ಎಣ್ಣೆ ಮಸಾಜು ಇನ್ನೂ ಸ್ವಲ್ಪ ದುಬಾರಿ. ಅದರಲ್ಲಿ ಮಸಾಜ್ ಮಾಡಿದವಳಿಗೆ ಸೇರುವುದು ಬಹಳ ಕಡೆ ಅರ್ಧಕ್ಕಿಂತಲೂ ಕಡಿಮೆ. ಹೆಚ್ಚಿನ ಅಂಗಡಿಗಳಲ್ಲಿ ತಿಂಗಳ ಸಂಬಳ ಇರುವುದಿಲ್ಲ, ಮಾಡಿದ ಗಂಟೆಗೆ ಇಷ್ಟು ಎಂಬ ಲೆಕ್ಕ. ಬಾಗಿಲಲ್ಲಿ ಸಾಲಾಗಿ ಕುಳಿತವರು ತಮ್ಮ ಸರದಿಗೆ ಕಾಯುತ್ತಿರುತ್ತಾರೆ. ಗಿರಾಕಿ ಬಾರದ ಗಂಟೆಗೆ ದುಡ್ಡಿಲ್ಲ. ಆಕೆಗೆ ಪೂರ್ತಿ ದಕ್ಕುವ ಹಣವೆಂದರೆ ಟಿಪ್ಸ್ ಒಂದೇ. ಹಾಗಾಗಿ ದರದಲ್ಲಿ 50 ಬಾತ್ ಚೌಕಾಸಿ ಮಾಡಿ ಉಳಿಸುವುದಕ್ಕಿಂತ ಹೇಳಿದ ದರ ಕೊಟ್ಟು, ಆ 50ನ್ನು ಅವಳ ಕೈಗೇ ಕೊಡುವುದು ಸರಿ ಎಂದು ನನ್ನ ಖಚಿತ ಅಭಿಪ್ರಾಯ.

ನನ್ನ ಲೆಕ್ಕ ಹೀಗಿದೆ. ಒಂದು ಗಂಟೆಗೆ 50 ಬಾತ್ ಕನಿಷ್ಠ, ಕೆಲಸ ಚೆನ್ನಾಗಿದ್ದರೆ 100. ಎರಡು ಗಂಟೆಗೆ 100ರಿಂದ 200. ಬಾತಿಗೆ ಎರಡೂವರೆ–ಮೂರು ರೂಪಾಯಿಯಂತೆ ನೋಡಿದರೂ ಇದು ಭಾರಿ ಮೊತ್ತವಲ್ಲ. ಥಾಯ್ ಮಸಾಜಿನಲ್ಲಿ ಎಣ್ಣೆಯಿಲ್ಲ. ಹೆಬ್ಬೆರಳು, ಅಂಗೈ, ಮೊಣಕೈ, ಮಂಡಿಗಳಿಂದ ಒತ್ತುತ್ತಾ, ತನಗಿಂತ ಭಾರವಾದ ದೇಹವನ್ನು ಎಳೆದು ಬಾಗಿಸಬೇಕು. ದಿನವಿಡೀ ಅದನ್ನೇ ಮಾಡುವವರಿಗೆ ಹೆಬ್ಬೆರಳ ಗಿಣ್ಣು ನೋಯುತ್ತದೆ. ಇದು ಕಲಿತು ಮಾಡುವ ಕೆಲಸ. ಬ್ಯಾಂಕಾಕಿನ ವಾಟ್ ಫೋ ದೇಗುಲದಲ್ಲಿ 1955ರಿಂದ ಇದರ ಶಾಲೆಯೇ ಇದೆ. 2019ರಲ್ಲಿ ಯುನೆಸ್ಕೋ ಥಾಯ್ ಮಸಾಜನ್ನು ತನ್ನ ಪರಂಪರೆಯ ಪಟ್ಟಿಗೂ ಸೇರಿಸಿತು.

ನಾಣ್ಯಗಳನ್ನಂತೂ ಕೊಡಬೇಡಿ. ನಮ್ಮಲ್ಲಿ ಮುಯ್ಯಿಗೆ ನೂರರ ಜೊತೆ ಒಂದು ರೂಪಾಯಿ ಸೇರಿಸುವುದು ಶುಭ. ಅಲ್ಲಿ 1, 2 ಬಾತಿನ ನಾಣ್ಯಗಳನ್ನು ಕೈಗೆ ಸುರಿದರೆ ಅವಮಾನ ಮಾಡಿದಂತೆ. ಥಾಯ್ ನೋಟುಗಳ ಮೇಲೆಲ್ಲ ರಾಜರ ಚಿತ್ರವಿರುವುದರಿಂದ ನೋಟನ್ನು ಮುದುಡಿ ಉಂಡೆ ಮಾಡುವುದು, ನೆಲದ ಹಾಸಿಗೆಯ ಮೇಲೆ ಕಾಲ ಬಳಿ ಎಸೆದು ಬರುವುದು ಬೇಡ. ಬಿದ್ದ ನೋಟನ್ನು ಹಾರಿಹೋಗದಂತೆ ಕಾಲಿನಿಂದ ಒತ್ತುವುದಂತೂ ಸಲ್ಲದು. ಒಮ್ಮೆ ಮಡಚಿ, ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ ಕೊಟ್ಟರೆ ಚೆಂದ. ‘ಖೋಪ್ ಖುನ್ ಖ್ರಪ್’ ಎಂದು ಗಂಡಸರು, ‘ಖೋಪ್ ಖುನ್ ಖಾ’ ಎಂದು ಹೆಂಗಸರು ಹೇಳಿದರೆ ಸಾಕು.

ಮಸಾಜ್ ಮುಗಿದ ಮೇಲೆ ಬಹಳ ಕಡೆ ಒಂದು ಲೋಟ ಟೀ ಕೊಡುತ್ತಾರೆ. ಗಲ್ಲಾಪೆಟ್ಟಿಗೆಯ ಲೆಕ್ಕ ಬೇರೆ, ಟಿಪ್ಸಿನ ಲೆಕ್ಕ ಬೇರೆ. ದರವನ್ನು ಕೌಂಟರಿಗೆ ಕೊಟ್ಟು, ಚಪ್ಪಲಿ ಹಾಕಿಕೊಳ್ಳುವ ಮುಂಚೆ ಟಿಪ್ಸನ್ನು ಆಕೆಯ ಕೈಗೆ ಕೊಡುತ್ತೇನೆ. ಕಾರ್ಡಿನ ಬಿಲ್ಲಿಗೋ ಕ್ಯೂಆರ್‌ಗೋ ಸೇರಿಸಿದ ಹಣ ಅಂಗಡಿಯ ಖಾತೆಗೆ ಹೋಗುತ್ತದೆ, ಅವಳಿಗೆ ತಲುಪುವ ಖಾತರಿಯಿಲ್ಲ. ಗುಂಪಿನಲ್ಲಿ ಹೋದವರು ‘ಎಲ್ಲರಿಗೂ ಸೇರಿ’ ಎಂದು ಒಬ್ಬರ ಕೈಗೆ 200 ಕೊಟ್ಟು ಬರುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯವರು ಮಾಡಿರುತ್ತಾರೆ, ಹಂಚಿಕೆಯ ಜಗಳವನ್ನು ಅವರ ತಲೆಗೆ ಹಾಕುವುದು ಯಾಕೆ? ನಿಮಗೆ ಮಾಡಿದವರಿಗೆ ನೀವೇ ಕೊಡಿ.

ಹೋಟೆಲಿನ ಸ್ಪಾದಲ್ಲಿ ದರದ ಮುಂದೆ ‘++’ ಇದ್ದರೆ 10% ಸೇವಾಶುಲ್ಕ, ಅದರ ಮೇಲೆ 7% ತೆರಿಗೆ ಎಂದರ್ಥ. 2000 ಬಾತ್ ಮೊದಲು 2200 ಆಗಿ, ಕೊನೆಗೆ 2354ಕ್ಕೆ ನಿಲ್ಲುತ್ತದೆ. ಸೇವಾಶುಲ್ಕ ಹೋಟೆಲಿನ ಸಿಬ್ಬಂದಿಗೆಲ್ಲ ಹಂಚಿಹೋಗುವುದರಿಂದ ಅಲ್ಲೂ 100–200 ಬಾತ್ ಕೈಗೆ ಕೊಡುತ್ತೇನೆ, ಬಲವಂತವೇನೂ ಇಲ್ಲ.

ಒತ್ತಡ ಹೆಚ್ಚಾದರೆ ಸಹಿಸಿಕೊಂಡು ಕೊನೆಗೆ ಟಿಪ್ಸ್ ಕಡಿತ ಮಾಡುವುದು ನ್ಯಾಯವಲ್ಲ. ಆಗಲೇ ‘ಬಾವ್ ಬಾವ್’ ಎಂದರೆ ಮೆಲ್ಲಗೆ ಒತ್ತುತ್ತಾರೆ, ‘ಜೆಪ್’ ಎಂದರೆ ನೋವಾಗುತ್ತಿದೆ ಎಂದು ತಿಳಿಯುತ್ತದೆ. ಹೇಳಿದ ಮೇಲೂ ಫೋನ್ ನೋಡುತ್ತಾ ಒತ್ತಿದರೆ 20 ಬಾತ್ ಕೊಟ್ಟು ಎದ್ದುಬನ್ನಿ, ಯಾರೂ ತಡೆಯುವುದಿಲ್ಲ. ಕೆಲಸ ಶುರುವಾಗುವ ಮುಂಚೆಯೇ ‘ಟಿಪ್ಸ್ ಇಷ್ಟು ಬೇಕು’ ಎಂದು ಮೊತ್ತ ಹೇಳಿದರೆ, ಬೇರೇನೋ ಸೇವೆಯ ಮಾತು ತೆಗೆದರೆ, ಅದು ಮಸಾಜಿನ ಜಾಗವಲ್ಲ. ಅಲ್ಲಿಂದ ಹೊರಬೀಳಿ.

ಕೆಲಸ ಹಿಡಿಸಿದರೆ ಆಕೆಯ ಅಂಗಿಯ ಮೇಲಿನ ಬ್ಯಾಡ್ಜ್ ಸಂಖ್ಯೆ ನೋಡಿಟ್ಟುಕೊಳ್ಳಿ. ಮರುದಿನ ಹೋದಾಗ ಕೌಂಟರಿನಲ್ಲಿ ಆ ಸಂಖ್ಯೆ ಹೇಳಿದರೆ, ಬಿಡುವಿದ್ದಲ್ಲಿ ಅವಳನ್ನೇ ಕರೆಯುತ್ತಾರೆ.