ಹೊಸ ಕ್ಯಾಮೆರಾಗೆ ಆಫರ್ ಬಂದ ದಿನ ಹಳೆ ಕ್ಯಾಮೆರಾಗೆ ಏನಾಗುತ್ತದೆ: ನನ್ನ ಅಂಗಡಿಯ ಅನುಭವ

ಶಿವಮೊಗ್ಗದಲ್ಲಿ ನನ್ನದೊಂದು ಕ್ಯಾಮೆರಾ ಅಂಗಡಿ ಇದೆ. ಮುಂದಿನ ಶೋಕೇಸಿನಲ್ಲಿ ಹೊಸ ಮಾಲು, ಒಳಗಿನ ಬೀರುವಿನಲ್ಲಿ ಸೆಕೆಂಡ್ ಹ್ಯಾಂಡ್. ಎರಡನ್ನೂ ಒಂದೇ ಕೌಂಟರಿನಲ್ಲಿ ಮಾರುವುದರಿಂದ ಒಂದು ವಿಷಯ ದಿನಾ ಕಣ್ಣಿಗೆ ಬೀಳುತ್ತದೆ. ಕಂಪನಿ ಹೊಸ ಕ್ಯಾಮೆರಾದ ರೇಟು ಇಳಿಸಿತು ಅಂದರೆ, ಆ ಮಾಡೆಲ್ ಇಟ್ಟುಕೊಂಡಿರುವ ಎಲ್ಲರ ದುಡ್ಡೂ ಅಷ್ಟರಮಟ್ಟಿಗೆ ಕರಗುತ್ತದೆ. ಆಫರ್ ನೋಡಿ ಖುಷಿಪಡುವವರಿಗೆ ಇದು ಕಾಣುವುದಿಲ್ಲ, ಎರಡು ವರ್ಷ ಬಿಟ್ಟು ಅದೇ ಕ್ಯಾಮೆರಾ ಮಾರಲು ಬಂದಾಗ ಕಾಣುತ್ತದೆ.

ಮೊದಲು ಹೊಸದರ ಲೆಕ್ಕ ಹೇಳುತ್ತೇನೆ. ಪೆಟ್ಟಿಗೆ ಮೇಲೆ ಎಂಆರ್‌ಪಿ ಇರುತ್ತದೆ, ಆ ರೇಟಿಗೆ ಸಾಮಾನ್ಯವಾಗಿ ಯಾರೂ ಮಾರುವುದಿಲ್ಲ. ವ್ಯಾಪಾರ ನಡೆಯುವುದು ಎಂಒಪಿ ಮೇಲೆ, ಅಂದರೆ ಮಾರ್ಕೆಟ್ಟಿನಲ್ಲಿ ಇಷ್ಟಕ್ಕೆ ಮಾರಿ ಅಂತ ಕಂಪನಿಯವರು ಡೀಲರಿಗೆ ಹೇಳುವ ರೇಟು. ಒಂದು ಬಾಡಿ, ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾ, ಮಾರಿದರೆ ಬಿಲ್ಲಿನಲ್ಲಿ ನನಗೆ ಉಳಿಯುವುದು ನೂರಕ್ಕೆ ನಾಲ್ಕೈದು ರೂಪಾಯಿ. ಗಿರಾಕಿ ಕ್ರೆಡಿಟ್ ಕಾರ್ಡ್ ಉಜ್ಜಿದರೆ ಅದರಲ್ಲೇ ಸುಮಾರು ಎರಡು ಹೋಯಿತು. ಉಳಿದದ್ದು ಬರುವುದು ಸ್ಕೀಮಿನಿಂದ. ಮೂರು ತಿಂಗಳಲ್ಲಿ ಇಷ್ಟು ಪೀಸ್ ಎತ್ತಿದರೆ ಇಷ್ಟು ಅಂತ ಟಾರ್ಗೆಟ್ ಇರುತ್ತದೆ, ಮುಟ್ಟಿದರೆ ಆಮೇಲೆ ಯಾವಾಗಲೋ ಕ್ರೆಡಿಟ್ ನೋಟ್, ಅಂದರೆ ಇಷ್ಟು ದುಡ್ಡು ನಿಮ್ಮ ಲೆಕ್ಕಕ್ಕೆ ಜಮಾ ಅನ್ನುವ ಚೀಟಿ, ಬರುತ್ತದೆ, ಆ ದುಡ್ಡನ್ನೂ ಮತ್ತೆ ಅವರ ಮಾಲಿಗೇ ಹಾಕಬೇಕು. ಆ ಮೂರು ತಿಂಗಳ ಕೊನೆಯಲ್ಲಿ ಕೆಲವು ಅಂಗಡಿಯವರು ಅಸಲಿಗೇ ಮಾರುವುದು ಇದಕ್ಕೇ. ಕ್ಯಾಮೆರಾ ಬಾಡಿಯ ಜೊತೆ ಹೋಲಿಸಿದರೆ ಬ್ಯಾಗು, ಫಿಲ್ಟರ್, ಟ್ರೈಪಾಡಿನಲ್ಲಿ ಎಷ್ಟೋ ಜಾಸ್ತಿ ಉಳಿಯುತ್ತದೆ. ಹಾಗಾಗಿ ಬಾಡಿ ರೇಟಿನಲ್ಲಿ ಇನ್ನೊಂದು ಸಾವಿರ ಬಿಡಿ ಅಂತ ಗಂಟೆಗಟ್ಟಲೆ ಎಳೆದಾಡುವ ಬದಲು ಒಂದು ಒಳ್ಳೆ ಬ್ಯಾಗು, ಫಿಲ್ಟರ್ ಕೇಳಿ. ಕೊಡುವವನಿಗೂ ಕಷ್ಟ ಆಗುವುದಿಲ್ಲ.

ದಸರಾ, ದೀಪಾವಳಿ ಆಫರಿನ ದುಡ್ಡು ಬಹುತೇಕ ಕಂಪನಿಯದೇ. ನಾನು ಗಿರಾಕಿಗೆ ಹತ್ತು ಸಾವಿರ ಕಮ್ಮಿ ಮಾಡಿ, ಬಿಲ್ಲು ಮತ್ತು ಸೀರಿಯಲ್ ನಂಬರ್ ಕಳಿಸುತ್ತೇನೆ, ಅವರು ಅಷ್ಟನ್ನು ನನ್ನ ಖಾತೆಗೆ ಹಾಕುತ್ತಾರೆ. ರೇಟನ್ನು ಕಾಯಂ ಆಗಿ ಇಳಿಸಿದರೆ ಶೋಕೇಸಿನಲ್ಲಿ ಕೂತಿರುವ ಸ್ಟಾಕಿಗೂ ವ್ಯತ್ಯಾಸ ಕಟ್ಟಿಕೊಡುತ್ತಾರೆ, ಇದಕ್ಕೆ ನಮ್ಮಲ್ಲಿ ಪ್ರೈಸ್ ಡ್ರಾಪ್ ಅಂತಾರೆ. ಒಳಗಿನ ಬೀರುವಿನ ಮಾಲಿಗೆ ಕಟ್ಟಿಕೊಡುವವರು ಯಾರೂ ಇಲ್ಲ.

ಒಂದು ಲೆಕ್ಕ ನೋಡಿ. ಹೊಸದು 1,50,000 ಇದೆ ಅಂದುಕೊಳ್ಳಿ. ಒಂದೆರಡು ವರ್ಷ ಬಳಸಿದ, ಚೆನ್ನಾಗಿಟ್ಟುಕೊಂಡ ಪೀಸನ್ನು ನಾನು ಹೊಸದರ ನೂರಕ್ಕೆ ಎಪ್ಪತ್ತಕ್ಕೆ ಮಾರುತ್ತೇನೆ, ಅಂದರೆ 1,05,000. ಅದಕ್ಕಾಗಿ 95,000 ಕೊಟ್ಟು ತಗೊಂಡಿರುತ್ತೇನೆ. ಈಗ ಕಂಪನಿ 25,000 ಇಳಿಸಿತು. ಹೊಸದು 1,25,000 ಆಯಿತು. ಇನ್ನು 20,000 ಹಾಕಿದರೆ ವಾರಂಟಿ ಸಮೇತ ಹೊಸ ಡಬ್ಬಿಯೇ ಸಿಗುವಾಗ ನನ್ನ ಹತ್ತಿರ ಯಾರು ಬರುತ್ತಾರೆ? ಅದೇ ಎಪ್ಪತ್ತರ ಲೆಕ್ಕದಲ್ಲಿ ನನ್ನ ಪೀಸು 87,500ಕ್ಕೆ ಬಂತು. ಕ್ಯಾಮೆರಾ ಬೀರುವಿನಿಂದ ಹೊರಗೇ ಬಂದಿಲ್ಲ, 7,500 ಹೋಯಿತು.

ತೆರಿಗೆ ಇಳಿದರೂ ಆಗುವುದು ಇದೇ. 2019ರ ಜನವರಿ 1ರಂದು ಡಿಜಿಟಲ್ ಕ್ಯಾಮೆರಾದ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು ಒಂದು ಲಕ್ಷದ ಕ್ಯಾಮೆರಾ 1,28,000 ಇದ್ದದ್ದು 1,18,000 ಆಯಿತು. ಹೊಸದು ಕೊಳ್ಳುವವರಿಗೆ ಹಬ್ಬ. ಮನೆಯಲ್ಲಿದ್ದ ಹಳೆಯದು ಮಾತ್ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅಗ್ಗವಾಯಿತು. ಉಲ್ಟಾ ಕೂಡ ಆಗುತ್ತದೆ. ಫ್ಯೂಜಿಯ ಎಕ್ಸ್100ವಿ 2020ರಲ್ಲಿ ಬಂದ ಕ್ಯಾಮೆರಾ. 2022-23ರ ಹೊತ್ತಿಗೆ ಎಲ್ಲೆಡೆ ಅದಕ್ಕೆ ಎಷ್ಟು ಬೇಡಿಕೆ ಬಂತು ಅಂದರೆ ಹೊಸದು ಸಿಗಲೇ ಇಲ್ಲ, ಬಳಸಿದ ಪೀಸುಗಳೇ ಹೊಸದರ ರೇಟಿಗಿಂತ ಜಾಸ್ತಿಗೆ ಹೋದವು. ಹಾಗಾಗಿ ಹಳೆಯದರ ಬೆಲೆ ಕಟ್ಟುವಾಗ ನಾನು ಮೊದಲು ನೋಡುವುದು ಹೊಸದು ಇವತ್ತು ಎಷ್ಟಕ್ಕೆ ಸಿಗುತ್ತದೆ, ಸಿಗುತ್ತದೆಯೋ ಇಲ್ಲವೋ ಅಂತ. ಕ್ಯಾಮೆರಾ ಎಷ್ಟು ಚೆನ್ನಾಗಿದೆ ಅನ್ನುವುದು ಆಮೇಲಿನ ಮಾತು.

ಮಾರಲು ಬರುವವರಿಗೆ ಇದನ್ನು ಹೇಳುವುದೇ ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ. ಸಾಗರ, ತೀರ್ಥಹಳ್ಳಿ ಕಡೆಯಿಂದ ಹುಡುಗರು ಬಸ್ ಹತ್ತಿ ಬರುತ್ತಾರೆ. "ಅಣ್ಣ, ಬಿಲ್ ನೋಡಿ, ಒಂದೂಮುಕ್ಕಾಲು ಲಕ್ಷ ಕೊಟ್ಟಿದೀನಿ, ಒಂದು ಗೀರೂ ಇಲ್ಲ" ಅಂತಾರೆ. ನಿಜವಾಗಿಯೂ ಗೀರು ಇರುವುದಿಲ್ಲ, ಮಗು ಥರ ನೋಡಿಕೊಂಡಿರುತ್ತಾರೆ. ನಾನು ಸುಮ್ನೆ ಒಂದು ರೇಟು ಹೇಳುವುದಿಲ್ಲ. ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ ಇವತ್ತಿನ ಹೊಸ ರೇಟು ತೋರಿಸುತ್ತೇನೆ, ನಡೆಯುತ್ತಿರುವ ಆಫರ್ ಕಳೆಯುತ್ತೇನೆ, ಎಪ್ಪತ್ತರ ಲೆಕ್ಕ ಹಾಕುತ್ತೇನೆ, ನನ್ನ ಲಾಭ ಎಷ್ಟು ಅಂತಲೂ ಅದೇ ಚೀಟಿಯಲ್ಲಿ ಬರೆಯುತ್ತೇನೆ. ಬಳಸಿದ ಮಾಲಿಗೆ ನಾನು ಜಿಎಸ್‌ಟಿ ಕಟ್ಟುವುದು ಲಾಭದ ಮೇಲೆ ಮಾತ್ರ. 60,000ಕ್ಕೆ ತಗೊಂಡು 66,000ಕ್ಕೆ ಮಾರಿದರೆ ಆ ಆರು ಸಾವಿರದೊಳಗೇ 18ರ ತೆರಿಗೆ ಸೇರಿರುತ್ತದೆ, ಅದು 915 ರೂಪಾಯಿ. ಅದನ್ನೂ ಬರೆಯುತ್ತೇನೆ. ಲೆಕ್ಕ ಕಣ್ಣಮುಂದೆ ಇದ್ದರೆ ಬೇಜಾರಾದರೂ ಮೋಸ ಹೋದೆ ಅನ್ನಿಸುವುದಿಲ್ಲ.

ಆಷಾಢದಲ್ಲಿ ಬರುವವರು ಜಾಸ್ತಿ. ಮದುವೆ ಇಲ್ಲ, ಸ್ಟುಡಿಯೋದವರಿಗೆ ಕೆಲಸ ಇಲ್ಲ, ಮಕ್ಕಳ ಸ್ಕೂಲ್ ಫೀಸು ಬೇರೆ. ಕೊಳ್ಳುವವರೂ ಅವರೇ ಆದ್ದರಿಂದ ರೇಟು ಬಿದ್ದಿರುತ್ತದೆ, ಮುಂದೆ ದಸರಾ ಆಫರ್ ಕಾದಿರುತ್ತದೆ. ಆಗ ನಾನು ಕ್ಯಾಮೆರಾ ಬಾಡಿಗಳ ಮೇಲೆ ದುಡ್ಡು ಹಾಕುವುದು ಕಮ್ಮಿ. ತುರ್ತು ಇಲ್ಲದವರಿಗೆ "ಇಟ್ಟು ಹೋಗಿ, ಮಾರಿಕೊಡ್ತೀನಿ, ಕಮಿಷನ್ ಅಷ್ಟೇ ಹಿಡೀತೀನಿ" ಅನ್ನುತ್ತೇನೆ. ಹೀಗೆ ಮಾಡಿದರೆ ಅವರಿಗೆ ನಾಲ್ಕು ಕಾಸು ಜಾಸ್ತಿ ಸಿಗುತ್ತದೆ. ತುರ್ತು ಇದ್ದವರಿಗೆ ಮಾತ್ರ ಅವತ್ತೇ ಕ್ಯಾಶ್.

ಲೆನ್ಸ್ ಆದರೆ ಯಾವ ತಿಂಗಳಾದರೂ ತಗೊಳ್ಳುತ್ತೇನೆ. ಕ್ಯಾಮೆರಾ ಬಾಡಿಯಲ್ಲಿ ಕೆಲವೇ ವರ್ಷಕ್ಕೊಂದು ಹೊಸ ಮಾಡೆಲ್ ಬರುತ್ತದೆ, ಒಳ್ಳೆ ಲೆನ್ಸು ಹತ್ತು ವರ್ಷ ಹಾಗೇ ನಡೆಯುತ್ತದೆ. ಕ್ಯಾನನ್ 2018ರಲ್ಲಿ ಆರ್‌ಎಫ್ ಮೌಂಟಿಗೆ (ಮೌಂಟ್ ಅಂದರೆ ಲೆನ್ಸು ಕ್ಯಾಮೆರಾಗೆ ಸಿಕ್ಕುವ ಜಾಗ) ಹೋದರೂ 1987ರಿಂದ ಬಂದ ಹಳೆ ಮೌಂಟಿನ ಇಎಫ್ ಲೆನ್ಸುಗಳು ಅಡಾಪ್ಟರಿನಲ್ಲಿ ಆಟೋಫೋಕಸ್ ಸಮೇತ ಕೆಲಸ ಮಾಡುತ್ತವೆ, ಅದಕ್ಕೇ ಅವಕ್ಕೆ ಈಗಲೂ ಗಿರಾಕಿ ಇದ್ದಾರೆ. ನಿಕಾನಿನ ಹಳೆ ಎಎಫ್-ಡಿ ಲೆನ್ಸುಗಳ ಒಳಗೆ ಫೋಕಸ್ ಮಾಡುವ ಮೋಟಾರ್ ಇಲ್ಲ. ಅವನ್ನು ಎಫ್‌ಟಿಝಡ್ ಅಡಾಪ್ಟರಿನಲ್ಲಿ ಅದೇ ಕಂಪನಿಯ ಹೊಸ ಝಡ್ ಕ್ಯಾಮೆರಾಗೆ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕು. ರೇಟು ಕಟ್ಟುವಾಗ ಇದನ್ನು ನೋಡಲೇಬೇಕು.

ಮಲೆನಾಡಿನಲ್ಲಿ ಲೆನ್ಸಿಗೆ ದೊಡ್ಡ ಶತ್ರು ಫಂಗಸ್. ಎರಡೂ ಕಡೆಯ ಕ್ಯಾಪ್ ತೆಗೆದು, ಅಪರ್ಚರ್ (ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಬೇಕು. ಗಾಜಿನ ಅಂಚಿನಲ್ಲಿ ಕೂದಲಿಗಿಂತ ಸಣ್ಣ ಬಿಳಿ ಎಳೆಗಳು ಕವಲೊಡೆದು ಹರಡಿದ್ದರೆ ಅದೇ. ಧೂಳು ಚುಕ್ಕಿ ಚುಕ್ಕಿಯಾಗಿ ಇರುತ್ತದೆ, ಅದಕ್ಕೆ ರೇಟು ಕಡಿಯುವುದಿಲ್ಲ. ಫಂಗಸ್ ಇದ್ದರೆ ಬೀರುವಿನೊಳಗೇ ಬಿಡುವುದಿಲ್ಲ. ಮಳೆಗಾಲದಲ್ಲಿ ಲೆನ್ಸನ್ನು ಬ್ಯಾಗಿನಲ್ಲೇ ಮುಚ್ಚಿಡಬೇಡಿ, ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್ ಸಾಕು.

ಕ್ಯಾಮೆರಾ ಬಾಡಿ ಅಂದರೆ ಎಲ್ಲರೂ ಶಟರ್ ಕೌಂಟ್, ಅಂದರೆ ಶಟರ್ ಎಷ್ಟು ಸಲ ಬಿದ್ದಿದೆ ಅನ್ನುವ ಲೆಕ್ಕ, ಕೇಳುತ್ತಾರೆ. ಅದು ಮುಖ್ಯವೇ, ಆದರೆ ನಿಕಾನ್ ಝಡ್8, ಝಡ್9ರಲ್ಲಿ ಮೆಕ್ಯಾನಿಕಲ್ ಶಟರ್ರೇ ಇಲ್ಲವಲ್ಲ. ಈಗ ವಿಡಿಯೋ ಕೆಲಸ ಜಾಸ್ತಿ, ಅದಕ್ಕೇ ನಾನು ಮೊದಲು ಮಾನಿಟರಿಗೆ ಕೇಬಲ್ ಹಾಕುವ ಎಚ್‌ಡಿಎಂಐ ಪೋರ್ಟ್ ನೋಡುತ್ತೇನೆ. ಕೇಬಲ್ ಸಿಕ್ಕಿಸಿ ಮೆಲ್ಲಗೆ ಅಲ್ಲಾಡಿಸಿದಾಗ ಮಾನಿಟರಿನಲ್ಲಿ ಚಿತ್ರ ಹೋಗಿ ಬಂದರೆ ಆ ಕ್ಯಾಮೆರಾ ಮದುವೆ ಮಂಟಪದಲ್ಲಿ ತುಂಬಾ ಎಳೆದಾಟ ಕಂಡಿದೆ ಅಂತ ಅರ್ಥ.

ಅಮೆರಿಕದಿಂದ ಮಗನೋ ಭಾವನೋ ತಂದುಕೊಟ್ಟ ಕ್ಯಾಮೆರಾಗಳೂ ಬರುತ್ತವೆ. ಅಲ್ಲಿ ನವೆಂಬರ್ ಆಫರಿನಲ್ಲಿ ಇಲ್ಲಿಗಿಂತ ಅಗ್ಗಕ್ಕೆ ಸಿಕ್ಕಿರುತ್ತದೆ, ಇಲ್ಲಿನ ವಾರಂಟಿ ಇರುವುದಿಲ್ಲ. ಇಲ್ಲಿ ಕೊಂಡ ಅದೇ ಮಾಡೆಲ್ಲಿಗಿಂತ ಅದಕ್ಕೆ ಕಮ್ಮಿಯೇ ಕೊಡಬೇಕಾಗುತ್ತದೆ.

ಮಾರುವ ಯೋಚನೆ ಇದ್ದರೆ ದಸರಾ ಆಫರ್ ಶುರುವಾಗುವ ಮೊದಲೇ ಬನ್ನಿ, ಅಥವಾ ಆಫರ್ ಮುಗಿದು ಕಾರ್ತಿಕದ ಮದುವೆಗಳು ಶುರುವಾದ ಮೇಲೆ. ಬಿಲ್ಲು, ಬಾಕ್ಸು, ಒರಿಜಿನಲ್ ಚಾರ್ಜರ್ ಎಲ್ಲ ತನ್ನಿ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಬಾಡಿಯದಕ್ಕೆ ಹೊಂದದಿದ್ದರೆ ಯಾರೇ ತಂದರೂ ನಾನು ತಗೊಳ್ಳುವುದಿಲ್ಲ. ಲೋಕಲ್ ಚಾರ್ಜರ್ ಇದ್ದರೆ ತಗೊಳ್ಳುತ್ತೇನೆ, ಆದರೆ ಹೊಸ ಒರಿಜಿನಲ್ ಚಾರ್ಜರಿನ ಪೂರ್ತಿ ರೇಟು ಕಳೆಯುತ್ತೇನೆ. ಮುಂದೆ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.