ಸುಕ್ಕಿನ ಕ್ರೀಮ್: ದುಡ್ಡು ಕೊಡುವ ಮುನ್ನ ಡಬ್ಬಿಯ ಹಿಂಬದಿ ಓದಿ, ಕೊಟ್ಟ ಮೇಲೆ ಅರ್ಧ ಮುಖಕ್ಕೆ ಹಚ್ಚಿ

ಡಬ್ಬಿಯ ಮುಂಬದಿಯಲ್ಲಿ ‘ಸುಕ್ಕಿಗೆ ವಿದಾಯ’ ಎಂದಿರುತ್ತದೆ. ತಿರುಗಿಸಿ ಸಣ್ಣಕ್ಷರ ಓದಿದರೆ ‘ಸುಕ್ಕು ಕಡಿಮೆಯಾದಂತೆ ಕಾಣಲು ನೆರವಾಗುತ್ತದೆ’ ಎಂದು ಇಳಿದಿರುತ್ತದೆ. ಈ ‘ಕಾಣಲು’ ಎಂಬ ಪದ ಸುಮ್ಮನೆ ಬಂದದ್ದಲ್ಲ, ಕಂಪನಿಯ ವಕೀಲರು ಕೂರಿಸಿದ್ದು. ನಮ್ಮ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯ ಪ್ರಕಾರ ಮೈಯನ್ನು ಶುಚಿಮಾಡಲು, ಅಂದಗೊಳಿಸಲು, ನೋಟ ಬದಲಿಸಲು ಹಚ್ಚುವಂಥದ್ದು ಪ್ರಸಾಧನ. ಚರ್ಮದ ರಚನೆಯನ್ನೇ ಬದಲಿಸುತ್ತೇನೆ ಎಂದು ಹೊರಟರೆ ಅದು ಔಷಧದ ಬಾಗಿಲು. ಅಲ್ಲಿ ಪುರಾವೆ ಕೇಳುತ್ತಾರೆ. ಅಮೆರಿಕದಲ್ಲೂ ಇದೇ ಗೆರೆ. ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2012ರಲ್ಲಿ ಪ್ರಸಾಧನ ಕಂಪನಿ ಲ್ಯಾಂಕೋಮ್‌ಗೆ ಎಚ್ಚರಿಕೆ ಪತ್ರ ಬರೆದದ್ದು ‘ವಂಶವಾಹಿಗಳ ಚಟುವಟಿಕೆ ಹೆಚ್ಚಿಸುತ್ತದೆ’ ಎಂಬಂಥ ಮಾತುಗಳಿಗಾಗಿ. 2014ರಲ್ಲಿ ಇಂಥದೇ ವಂಶವಾಹಿ ಮಾತುಗಳ ಬಗ್ಗೆ ಲೋರಿಯಲ್ ಅಮೆರಿಕದ ವ್ಯಾಪಾರ ಆಯೋಗದೊಂದಿಗೆ ರಾಜಿ ಮಾಡಿಕೊಂಡು, ಪುರಾವೆಯಿಲ್ಲದೆ ಹಾಗೆ ಹೇಳುವುದಿಲ್ಲವೆಂದು ಒಪ್ಪಬೇಕಾಯಿತು.

ಆದ್ದರಿಂದ ಮೊದಲ ಕೆಲಸ, ಜಾಹೀರಾತಿನ ಕ್ರಿಯಾಪದ ಹಿಡಿಯುವುದು. ‘ಕಾಣುತ್ತದೆ’, ‘ಅನಿಸುತ್ತದೆ’, ‘ನೆರವಾಗುತ್ತದೆ’, ‘ಶೇ 60ರವರೆಗೆ’ — ಇವು ಯಾವುದಕ್ಕೂ ಸಿಕ್ಕಿಬೀಳದ ಮಾತುಗಳು. ‘60ರವರೆಗೆ’ ಎಂದರೆ ಬರೀ ಶೇ 2 ಆಗಬಹುದು, ಸೊನ್ನೆಯೂ ಆಗಬಹುದು. ‘ಚರ್ಮತಜ್ಞರಿಂದ ಪರೀಕ್ಷಿತ’ ಎಂಬುದು ಬಹಳ ಸಲ ಹಚ್ಚಿದವರಿಗೆ ತುರಿಕೆ ಬರಲಿಲ್ಲ ಎಂಬಷ್ಟನ್ನೇ ಹೇಳುತ್ತದೆ, ಸುಕ್ಕು ಹೋಯಿತು ಎಂದಲ್ಲ. ‘10ರಲ್ಲಿ 9 ಮಹಿಳೆಯರು ಒಪ್ಪಿದರು’ ಎಂದಿದ್ದರೆ ಅಡಿಯ ನಕ್ಷತ್ರ ಚಿಹ್ನೆ ಹುಡುಕಿ: ಎಷ್ಟು ಜನ, ಎಷ್ಟು ವಾರ, ಅಳೆದದ್ದು ಯಂತ್ರವೋ ಅವರವರ ಅಭಿಪ್ರಾಯವೋ, ಹೋಲಿಸಿದ್ದು ಯಾವುದಕ್ಕೆ. ಕೊನೆಯ ಪ್ರಶ್ನೆಯೇ ಮುಖ್ಯ. ಏನೂ ಹಚ್ಚದ ಒಣ ಮುಖಕ್ಕೆ ಹೋಲಿಸಿದರೆ ಗ್ಲಿಸರಿನ್ ಕೂಡ ಗೆಲ್ಲುತ್ತದೆ.

ಫೋಟೊಗಳ ವಿಷಯ ಹೇಳಿ ಮುಗಿಸಬಹುದು. ಪಕ್ಕದಿಂದ ಬೆಳಕು ಬಿದ್ದರೆ ಪ್ರತಿ ಗೆರೆಗೂ ನೆರಳು ಬಂದು ಸುಕ್ಕು ಎದ್ದು ಕಾಣುತ್ತದೆ. ಎದುರಿನಿಂದ ಬಿದ್ದರೆ ಅದೇ ಗೆರೆ ಮಾಯ. ‘ಮೊದಲು-ಆಮೇಲೆ’ ಚಿತ್ರಗಳಲ್ಲಿ ಕಣ್ಣಿನ ಪಾಪೆಯೊಳಗಿನ ಬೆಳಕಿನ ಚುಕ್ಕಿ, ಮೂಗಿನ ನೆರಳು ಎರಡರಲ್ಲೂ ಒಂದೇ ಕಡೆ ಇವೆಯೇ ನೋಡಿ. ಬ್ರಿಟನ್‌ನ ಜಾಹೀರಾತು ಮಾನಕ ಪ್ರಾಧಿಕಾರ 2009ರಲ್ಲಿ ರೂಪದರ್ಶಿ ಟ್ವಿಗ್ಗಿ ಇದ್ದ ಒಲೇ ಜಾಹೀರಾತನ್ನೂ, 2011ರಲ್ಲಿ ನಟಿ ಜೂಲಿಯಾ ರಾಬರ್ಟ್ಸ್ ಇದ್ದ ಲ್ಯಾಂಕೋಮ್ ಜಾಹೀರಾತನ್ನೂ ತಡೆದದ್ದು ಫೋಟೊ ತಿದ್ದಿದ ಕಾರಣಕ್ಕೇ.

ಘಟಕಗಳ ಪಟ್ಟಿ ಓದುವ ಬಗೆ

2020ರ ಪ್ರಸಾಧನ ನಿಯಮಗಳ ಪ್ರಕಾರ ಶೇ 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಹೆಚ್ಚಿನದರಿಂದ ಕಡಿಮೆಗೆ ಇಳಿಯುವ ಕ್ರಮದಲ್ಲಿ ಬರೆಯಬೇಕು. ಶೇ 1 ಮತ್ತು ಅದಕ್ಕಿಂತ ಕಡಿಮೆ ಇರುವವನ್ನು ಆಮೇಲೆ ಹೇಗೆ ಬೇಕಾದರೂ ಜೋಡಿಸಬಹುದು. ಆ ಶೇ 1ರ ಗಡಿ ಎಲ್ಲಿದೆ ಎಂದು ಡಬ್ಬಿ ಹೇಳುವುದಿಲ್ಲ. ಆದರೆ ಒಂದು ಗುರುತಿನ ಕಲ್ಲು ಇದೆ: ಫಿನಾಕ್ಸಿಎಥನಾಲ್. ಕೆಡದಂತೆ ಹಾಕುವ ಈ ವಸ್ತುವಿಗೆ ಮಿತಿಯೇ ಶೇ 1. ಹಾಗಾಗಿ ಪಟ್ಟಿಯಲ್ಲಿ ಅದರ ನಂತರ ಬರುವುದೆಲ್ಲ ಶೇ 1 ಅಥವಾ ಅದಕ್ಕಿಂತ ಕಡಿಮೆ. ಮುಂಬದಿಯಲ್ಲಿ ಕೇಸರಿ, ಚಿನ್ನದ ಭಸ್ಮ, ಸೇಬಿನ ಕಾಂಡಕೋಶ ಎಂದು ಕೂಗುವ ಡಬ್ಬಿಗಳಲ್ಲಿ ಆ ಹೆಸರು ಫಿನಾಕ್ಸಿಎಥನಾಲ್ ಮತ್ತು ಸುಗಂಧದ ನಡುವೆ ಎಲ್ಲೋ ಮುದುಡಿ ಕೂತಿರುವುದು ಸಾಮಾನ್ಯ ದೃಶ್ಯ. ಶೇ 1ಕ್ಕಿಂತ ಕಡಿಮೆ ಎಂದ ಮಾತ್ರಕ್ಕೆ ಎಲ್ಲವೂ ವ್ಯರ್ಥವಲ್ಲ ಎಂಬುದೂ ನೆನಪಿರಲಿ. ವಿಟಮಿನ್ ಎ ಬಗೆಯ ರೆಟಿನಾಲ್ ಕೆಲಸ ಮಾಡುವುದೇ ಅಷ್ಟು ಸಣ್ಣ ಪ್ರಮಾಣದಲ್ಲಿ.

ಪಟ್ಟಿಯ ಮೊದಲ ನಾಲ್ಕೈದು ಹೆಸರು ಬಹುತೇಕ ನೀರು, ಗ್ಲಿಸರಿನ್, ಒಂದೆರಡು ಎಣ್ಣೆ ಅಥವಾ ಮೇಣ, ಡೈಮೆಥಿಕೋನ್ ಎಂಬ ಸಿಲಿಕೋನ್. ಕ್ರೀಮ್ ಹಚ್ಚಿದ ಅರ್ಧ ಗಂಟೆಯಲ್ಲಿ ಕಾಣುವ ‘ಪವಾಡ’ ಇವುಗಳದ್ದೇ. ಗ್ಲಿಸರಿನ್ ನೀರು ಹಿಡಿದಿಡುವುದರಿಂದ ಚರ್ಮದ ಮೇಲ್ಪದರ ಉಬ್ಬಿ ಸಣ್ಣ ಗೆರೆ ತುಂಬಿಕೊಳ್ಳುತ್ತದೆ. ಡೈಮೆಥಿಕೋನ್ ಗೆರೆಯೊಳಗೆ ಕೂತು ಬೆಳಕನ್ನು ಚದುರಿಸುತ್ತದೆ. ಒಳ್ಳೆಯದೇ. ಆದರೆ ಮುಖ ತೊಳೆದರೆ ಬಹುಪಾಲು ಹೋಯಿತು.

ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನು ಕೊಲಾಜನ್. ಅದನ್ನು ಬೆರೆಸಿದ ಕ್ರೀಮ್ ಬಗ್ಗೆ ನೇರವಾಗಿ ಹೇಳಬೇಕು. ಚರ್ಮದ ಹೊರಪದರವನ್ನು ದಾಟಿ ಒಳಹೋಗಲು ಅಣುವಿನ ತೂಕ ಸುಮಾರು 500 ಡಾಲ್ಟನ್ ಒಳಗಿರಬೇಕು ಎಂಬುದು ಚರ್ಮವಿಜ್ಞಾನದಲ್ಲಿ ಬಳಕೆಯಲ್ಲಿರುವ ಅಂದಾಜು. ಕೊಲಾಜನ್ ಅಣು ಸುಮಾರು 3 ಲಕ್ಷ ಡಾಲ್ಟನ್. ಸೂಜಿಯ ಕಣ್ಣಿನಲ್ಲಿ ತೇರು ಎಳೆದಂತೆ. ‘ಹೈಡ್ರಾಲೈಸ್ಡ್’ ಎಂದರೆ ಅದನ್ನು ತುಂಡರಿಸಿದ್ದು. ಆ ತುಂಡುಗಳೂ ಮುಖ್ಯವಾಗಿ ಮೇಲೆ ಕೂತು ತೇವ ಹಿಡಿಯುತ್ತವೆ, ನಿಮ್ಮ ಕೊಲಾಜನ್ ಜೊತೆ ಹೆಣೆದುಕೊಳ್ಳುವುದಿಲ್ಲ.

ಯಾವುದಕ್ಕೆ ಪುರಾವೆ ಇದೆ

ಸುಕ್ಕಿನ ಮಟ್ಟಿಗೆ ಅತಿ ಹೆಚ್ಚು ಪುರಾವೆ ಇರುವ ಲೇಪ ಟ್ರೆಟಿನಾಯಿನ್, ಅಂದರೆ ರೆಟಿನಾಯಿಕ್ ಆಮ್ಲ. ಮೊಡವೆಗೆಂದು ಬಂದ ಇದನ್ನು ಬಿಸಿಲಿನ ಸುಕ್ಕಿಗೆ ಹಚ್ಚಿ ನೋಡಿದ್ದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ ತಂಡ. 1995ರಲ್ಲಿ ಶೇ 0.05ರ ಕ್ರೀಮ್‌ಗೆ ಅಮೆರಿಕದಲ್ಲಿ ಸಣ್ಣ ಗೆರೆಗಳಿಗಾಗಿ ಒಪ್ಪಿಗೆ ಸಿಕ್ಕಿತು. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ನಮ್ಮಲ್ಲಿ ಇದು ವೈದ್ಯರ ಚೀಟಿ ಬೇಕಾದ ಔಷಧ. ಅಂಗಡಿಯ ಕ್ರೀಮ್‌ನಲ್ಲಿರುವ ರೆಟಿನಾಲ್ ಚರ್ಮದೊಳಗೆ ಎರಡು ಹಂತ ದಾಟಿ ಇದೇ ಆಮ್ಲವಾಗಬೇಕು, ಹಾಗಾಗಿ ಮೆದು. ರೆಟಿನೈಲ್ ಪಾಮಿಟೇಟ್ ಇನ್ನೂ ಒಂದು ಹಂತ ಹಿಂದೆ. ‘ರೆಟಿನಾಲ್ ಕುಟುಂಬ’ ಎಂದು ಹೇಳಿಕೊಂಡು ಬರುವ ಬಡ ನೆಂಟ. ಐರೋಪ್ಯ ಒಕ್ಕೂಟ 2024ರ ನಿಯಮದಲ್ಲಿ ಮುಖದ ಕ್ರೀಮ್‌ಗೆ ರೆಟಿನಾಲ್ ಮಿತಿಯನ್ನು ಶೇ 0.3 ಎಂದು ಗೊತ್ತುಮಾಡಿದೆ.

ರೆಟಿನಾಲ್ ಕೊಳ್ಳುವುದಾದರೆ ಪ್ರಮಾಣ ಬರೆದಿರುವ, ಬೆಳಕು-ಗಾಳಿ ತಾಗದ ಟ್ಯೂಬು ಅಥವಾ ಪಂಪು ನೋಡಿ. ಅಗಲ ಬಾಯಿಯ ಗಾಜಿನ ಭರಣಿ ಚಂದ, ಆದರೆ ತೆರೆದಾಗಲೆಲ್ಲ ಒಳಗಿನದು ಕೆಡುತ್ತ ಹೋಗುತ್ತದೆ. ರಾತ್ರಿ, ಒಣಗಿದ ಮುಖಕ್ಕೆ, ಬಟಾಣಿ ಕಾಳಿನಷ್ಟು; ಮೊದಲ ಎರಡು ವಾರ ವಾರಕ್ಕೆ ಎರಡೇ ರಾತ್ರಿ. ಕಣ್ಣಂಚು, ಮೂಗಿನ ಬದಿ, ತುಟಿಯ ಮೂಲೆ ಬಿಡಿ. ಬಸುರಿಯರಿಗೆ, ಬಸಿರಿಗೆ ಪ್ರಯತ್ನಿಸುತ್ತಿರುವವರಿಗೆ ಈ ಇಡೀ ಗುಂಪೇ ಬೇಡ. ಬೇಗ ಫಲ ಬರಲೆಂದು ದಿನವೂ ಬಳಿದುಕೊಂಡರೆ ಉರಿ, ಸಿಪ್ಪೆ. ನಮ್ಮಂಥ ಕಂದು ಚರ್ಮದಲ್ಲಿ ಉರಿ ಇಳಿದ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಸುಕ್ಕಿಗೆಂದು ಹೋಗಿ ಕಲೆ ತಂದುಕೊಂಡಂತೆ.

ಇದಕ್ಕಿಂತ ಅಗ್ಗದ್ದು ಸನ್‌ಸ್ಕ್ರೀನ್. ಆಸ್ಟ್ರೇಲಿಯಾದ ನಾಂಬೂರ್ ಊರಿನಲ್ಲಿ 55 ವರ್ಷದೊಳಗಿನ 903 ಜನರ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಲ್ಕೂವರೆ ವರ್ಷ ದಿನವೂ ಹಚ್ಚಿದವರ ಚರ್ಮದ ಮುಪ್ಪು ಮನಸ್ಸಿಗೆ ಬಂದಾಗ ಹಚ್ಚಿದವರಿಗಿಂತ ಶೇ 24 ಕಡಿಮೆ ಇತ್ತು. ಎಸ್‌ಪಿಎಫ್ 30 ಸಾಕು, ಪ್ರಮಾಣ ಸಾಕಷ್ಟಿರಬೇಕು: ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಎರಡು ಗೆರೆ, ಮುಖಕ್ಕೂ ಕುತ್ತಿಗೆಗೂ. 50 ಗ್ರಾಂ ಟ್ಯೂಬು ಆರು ತಿಂಗಳು ಬಂದರೆ ನೀವು ಹಚ್ಚುತ್ತಿಲ್ಲ, ಸವರುತ್ತಿದ್ದೀರಿ. ನಮ್ಮ ಕಡೆಯವರಿಗೆ ಸುಕ್ಕಿಗಿಂತ ಮೊದಲು ಬರುವುದು ಬಂಗು. ಅದಕ್ಕೆ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢಮಾಡುತ್ತದೆ.

ಅರ್ಧ ಮುಖದ ಪರೀಕ್ಷೆ

28 ವರ್ಷ ಲಾರಿ ಓಡಿಸಿದ, 69 ವರ್ಷದ ಅಮೆರಿಕದ ಚಾಲಕರೊಬ್ಬರ ಮುಖದ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು. ಕಿಟಕಿಯ ಕಡೆಯ ಎಡಕೆನ್ನೆ ಜೋತುಬಿದ್ದು ನೆರಿಗೆಗಟ್ಟಿದೆ, ಬಲಕೆನ್ನೆ ಅದಕ್ಕಿಂತ ಎಷ್ಟೋ ಕಿರಿಯದು. ಗಾಜು ಸುಡುವ ಕಿರಣವನ್ನು ತಡೆದರೂ ಸುಕ್ಕು ತರುವ ಯುವಿಎ ಕಿರಣವನ್ನು ಬಹುಪಾಲು ಒಳಬಿಡುತ್ತದೆ. ಒಂದೇ ಮುಖದ ಎರಡು ಬದಿ ಹೋಲಿಸುವುದಕ್ಕಿಂತ ನ್ಯಾಯವಾದ ಪರೀಕ್ಷೆ ಮನೆಯಲ್ಲಿ ಸಿಗದು.

ಮೊದಲು ಮೊಣಕೈ ಒಳಮಡಿಕೆಯಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ, ಏಳು ದಿನ ಹಚ್ಚಿ. ಕೆಂಪು, ತುರಿಕೆ ಬಂದರೆ ಅಲ್ಲಿಗೇ ಬಿಡಿ. ಬರದಿದ್ದರೆ ನಾಣ್ಯ ಚಿಮ್ಮಿ ಬದಿ ಆರಿಸಿ. ಒಂದು ಬದಿಗೆ ಪರೀಕ್ಷೆಯ ಕ್ರೀಮ್, ಇನ್ನೊಂದಕ್ಕೆ ಮೆಡಿಕಲ್ ಶಾಪಿನ ಸಾದಾ ಗ್ಲಿಸರಿನ್ ಕ್ರೀಮ್. ಇನ್ನೊಂದು ಬದಿಯನ್ನು ಖಾಲಿ ಬಿಡುವುದೇ ಎಲ್ಲರೂ ಮಾಡುವ ತಪ್ಪು; ಆಗ ನೀವು ಅಳೆಯುವುದು ತೇವವನ್ನು. ಸೋಪು, ಸನ್‌ಸ್ಕ್ರೀನ್ ಎರಡೂ ಬದಿಗೆ ಒಂದೇ. ಹನ್ನೆರಡು ವಾರ ಬೇಕು. ಮಧ್ಯೆ ಮದುವೆ ಮನೆ ಬಂತೆಂದು ಫೇಷಿಯಲ್, ಬ್ಲೀಚ್ ಮಾಡಿಸಿದರೆ ಪರೀಕ್ಷೆ ಕೆಟ್ಟಿತು.

ಫೋಟೊ ಶುರುವಿಗೊಂದು, ಆಮೇಲೆ 4, 8, 12ನೇ ವಾರಕ್ಕೆ. ಬೆಳಿಗ್ಗೆ ಮುಖ ತೊಳೆದು ಅರ್ಧ ಗಂಟೆ ಏನೂ ಹಚ್ಚದೆ ಕೂತು, ಅದೇ ಕಿಟಕಿ, ಅದೇ ಹೊತ್ತು, ನೆಲದ ಮೇಲೆ ಗುರುತು ಹಾಕಿದ ಅದೇ ಜಾಗ. ಮೊಬೈಲಿನ ಹಿಂಬದಿ ಕ್ಯಾಮೆರಾ, ಬ್ಯೂಟಿ ಮೋಡ್ ಬಂದ್, ನಗು ಬೇಡ. ನಮ್ಮ ಕಾರುಗಳಲ್ಲಿ ಚಾಲಕರ ಬಲಗೆನ್ನೆಗೆ ಬಿಸಿಲು ಹೆಚ್ಚು, ಆದ್ದರಿಂದ ಎಡವನ್ನು ನೇರವಾಗಿ ಬಲಕ್ಕೆ ಹೋಲಿಸದೆ ಪ್ರತಿ ಬದಿಯನ್ನು ಅದರದೇ ಹಳೆಯ ಚಿತ್ರಕ್ಕೆ ಹೋಲಿಸಿ, ಯಾವ ಬದಿ ಹೆಚ್ಚು ಬದಲಾಗಿದೆ ನೋಡಿ. ಚಿತ್ರಗಳನ್ನು ಕತ್ತರಿಸಿ, ದಿನಾಂಕ ಮುಚ್ಚಿ, ಯಾವ ಕಡೆಗೆ ಯಾವ ಕ್ರೀಮ್ ಎಂದು ಗೊತ್ತಿಲ್ಲದವರ ಕೈಗೆ ಕೊಡಿ. ದುಡ್ಡು ಕೊಟ್ಟವರ ಕಣ್ಣು ಸಾಕ್ಷಿಗೆ ಬಾರದು.

ವ್ಯತ್ಯಾಸ ಕಂಡರೆ ಎರಡೂ ಕ್ರೀಮ್ ಮೂರು ದಿನ ನಿಲ್ಲಿಸಿ ಮತ್ತೆ ನೋಡಿ. ಅಷ್ಟರಲ್ಲೇ ಮರೆಯಾದರೆ ಅದು ತೇವವಾಗಿತ್ತು. ರೆಟಿನಾಲ್‌ನಲ್ಲಿ ಇನ್ನೊಂದು ಮೋಸವಿದೆ: ಮೊದಲ ವಾರಗಳ ಉರಿಗೆ ಚರ್ಮ ಸ್ವಲ್ಪ ಊದಿಕೊಂಡು ಗೆರೆ ತುಂಬಿದಂತೆ ಕಾಣುತ್ತದೆ. 4ನೇ ವಾರದ ಫೋಟೊ ನೋಡಿ ಹಿಗ್ಗಬೇಡಿ.

ಲೆಕ್ಕವನ್ನೂ ಹಾಕಿ. 30 ಮಿ.ಲೀ. ಸೀಸೆಗೆ 1,500 ರೂಪಾಯಿ ಎಂದುಕೊಳ್ಳಿ. ಇಡೀ ಮುಖಕ್ಕೆ ದಿನಕ್ಕೆ ಒಂದು ಮಿ.ಲೀ.ನಂತೆ 12 ವಾರಕ್ಕೆ 84 ಮಿ.ಲೀ., ಅಂದರೆ ಮೂರು ಸೀಸೆ, 4,500 ರೂಪಾಯಿ. ಚರ್ಮರೋಗ ತಜ್ಞರ ಶುಲ್ಕವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ.

ಇವು ಕಂಡರೆ ಮುಟ್ಟಬೇಡಿ

ಒಂದು ವಾರದಲ್ಲಿ ಮುಖ ಬೆಳ್ಳಗಾಗಿ ಹೊಳೆಯಿತೆಂದರೆ ಸಂತೋಷಪಡುವ ಮುನ್ನ ಅನುಮಾನಿಸಿ. ಪಾದರಸ ಅಥವಾ ಸ್ಟೀರಾಯ್ಡ್ ಬೆರೆತ ಕ್ರೀಮ್‌ಗಳು ಹೀಗೇ ಕೆಲಸ ಮಾಡುತ್ತವೆ. ಪಾದರಸ ಮೂತ್ರಪಿಂಡ ಕೆಡಿಸುತ್ತದೆ. ಸ್ಟೀರಾಯ್ಡ್ ಚರ್ಮ ತೆಳುವಾಗಿಸಿ, ನಿಲ್ಲಿಸಿದೊಡನೆ ಮುಖ ಕೆಂಪೇರಿ ಉರಿಯುವಂತೆ ಮಾಡುತ್ತದೆ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಂಬ ಹೆಸರಿದ್ದರೆ ಅದು ಕ್ರೀಮ್ ಅಲ್ಲ, ಮದ್ದು. ಡಬ್ಬಿಯ ಮೇಲೆ ಘಟಕಗಳ ಪಟ್ಟಿ, ಬ್ಯಾಚ್ ಸಂಖ್ಯೆ, ಬಳಸಬೇಕಾದ ಅವಧಿ, ತಯಾರಕರ ವಿಳಾಸ ಮತ್ತು ಪರವಾನಗಿ ಸಂಖ್ಯೆ ಇರಬೇಕು. ವಿದೇಶಿ ಮಾಲಾದರೆ ನೋಂದಣಿ ಸಂಖ್ಯೆ, ಆಮದುದಾರರ ವಿಳಾಸ. ಇಲ್ಲದಿದ್ದರೆ ಗಲ್ಫ್‌ನಿಂದ ನೆಂಟರು ತಂದುಕೊಟ್ಟರೂ ಬೇಡ.

ಸುಳ್ಳು ಜಾಹೀರಾತಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಮುಂಬೈನ ಭಾರತೀಯ ಜಾಹೀರಾತು ಮಾನಕ ಮಂಡಳಿಗೂ ಬರೆಯಬಹುದು. ಜಾಹೀರಾತಿನ ಫೋಟೊ ಅಥವಾ ಸ್ಕ್ರೀನ್‌ಶಾಟ್, ಕಂಡ ದಿನಾಂಕ, ಯಾವ ವಾಕ್ಯದ ಮೇಲೆ ತಕರಾರು ಎಂಬುದು ಜೊತೆಗಿರಲಿ. ‘ಇದು ಮೋಸ’ ಎಂದಷ್ಟೇ ಬರೆದರೆ ಸಾಲದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಹೊಗಳಿ ಮಾರಿದ ತಾರೆಯರೂ ಇದರ ವ್ಯಾಪ್ತಿಗೆ ಬರುತ್ತಾರೆ.

ಪರೀಕ್ಷೆಯಲ್ಲಿ ಸೋತ ಕ್ರೀಮ್ ಮಿಕ್ಕಿದ್ದರೆ ಎಸೆಯಬೇಕಿಲ್ಲ. ಉರಿ ತರದಿದ್ದರೆ, ಹೊರಗಿನ ಪುಟ್ಟ ತೆರೆದ-ಡಬ್ಬಿ ಚಿತ್ರದೊಳಗೆ ಬರೆದಿರುವ, ತೆರೆದ ಮೇಲೆ ಬಳಸಬಹುದಾದ ತಿಂಗಳು ಮೀರಿಲ್ಲದಿದ್ದರೆ, ಒಡೆದ ಹಿಮ್ಮಡಿಗೆ ರಾತ್ರಿ ಹಚ್ಚಿ ಕಾಲುಚೀಲ ಹಾಕಿಕೊಂಡು ಮಲಗಿ. ಗ್ಲಿಸರಿನ್ ಅಲ್ಲೂ ಗ್ಲಿಸರಿನ್ನೇ.